ಅಪ್ಪಣೆಯಿಲ್ಲದ ಅಪ್‌ಡೇಟ್

ನೀವೇ ನ್ಯಾಯ ಹೇಳಿ. ನೀವು ಕೈಯಾರೆ ದುಡ್ಡು ಕೊಟ್ಟು ಒಂದು ಕುರ್ಚಿ ಮಾಡಿಸುತ್ತೀರಿ. ಬಡಗಿ ತಂದು ಹಾಕಿ ಹೋಗುತ್ತಾನೆ. ವರ್ಷಗಟ್ಟಲೆ ಕೂತು ಕೂತು ಅದೂ ನಿಮ್ಮ ಬೆನ್ನೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಒಂದು ಬೆಳಗ್ಗೆ ಎದ್ದು ಬಂದು ನೋಡಿದರೆ ಅದೇ ಬಡಗಿ ನಿಮ್ಮ ನಡುಮನೆಯಲ್ಲಿ ಆ ಕುರ್ಚಿಯನ್ನು ತಲೆಕೆಳಗು ಮಾಡಿಕೊಂಡು ಅದರ ಕಾಲು ಕೊಯ್ಯುತ್ತಿದ್ದಾನೆ! "ಏನಯ್ಯಾ ಇದು?" ಎಂದರೆ, "ಸುಮ್ನಿರಿ ಸ್ವಾಮಿ, ಇನ್ನೂ ಚೆನ್ನಾಗಿ ಮಾಡ್ತಿದೀನಿ. ಕಾಲುಭಾಗ ಮುಗಿದಿದೆ. ದಯವಿಟ್ಟು ಕೂರಬೇಡಿ" ಎನ್ನುತ್ತಾನೆ. ನೀವೇನು ಮಾಡುತ್ತೀರಿ? ನಾನಾದರೆ ಅವನ ಗರಗಸ ಕಿತ್ತುಕೊಂಡು ಬೀದಿಗೆ ಎಸೆಯುತ್ತಿದ್ದೆ, ಅದರ ಹಿಂದೆಯೇ ಅವನನ್ನೂ.

ಆದರೆ ಕುರ್ಚಿಯ ಬದಲು ಕಂಪ್ಯೂಟರ್ ಎನ್ನಿ, ಬಡಗಿಯ ಬದಲು ಕಂಪನಿ ಎನ್ನಿ. ಆಗ ಇಡೀ ಲೋಕ ಕೈಕಟ್ಟಿ ನಿಂತುಬಿಡುತ್ತದೆ. "ಅಪ್‌ಡೇಟ್ ಆಗ್ತಿದೆಯಂತೆ" ಎಂದು ಹೆರಿಗೆ ಕೋಣೆಯ ಮುಂದೆ ಕಾಯುವವರ ಹಾಗೆ ಪಿಸುಮಾತಿನಲ್ಲಿ ಆಡಿಕೊಳ್ಳುತ್ತದೆ. ಇದು ಅನ್ಯಾಯವಲ್ಲವೇ?

ನಿನಗೊಬ್ಬನಿಗೇ ಯಾಕಪ್ಪಾ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ನನ್ನ ಕಸುಬೇ ಅಂಥದು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿರೀಕ್ಷಕ. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಪರೀಕ್ಷಿಸಿ, ಸರಿಯಿದ್ದರೆ ತಂತಿ ಪೋಣಿಸಿ, ಸೀಸದ ಬಿಲ್ಲೆ ಇಟ್ಟು, ಇಕ್ಕಳದಿಂದ ಅದುಮಿ ಮುದ್ರೆ ಹಾಕುವುದು ನನ್ನ ಕೆಲಸ. ಒಂದು ಸಲ ನಾನು ಮುದ್ರೆ ಒತ್ತಿದೆನೆಂದರೆ ಆ ತಕ್ಕಡಿಯ ಒಳಗೆ ಅದನ್ನು ಮಾಡಿದವನೂ ಕೈಹಾಕುವಂತಿಲ್ಲ. "ಸಾರ್, ಒಳಗೆ ಸ್ವಲ್ಪ ಧೂಳು ಕೂತಿತ್ತು, ಒರೆಸೋಣ ಅಂತ ಬಿಚ್ಚಿದೆ" ಎಂದು ಅಂಗಡಿಯವನು ಕೈಮುಗಿದರೂ ಬಿಡುವವನಲ್ಲ ನಾನು. "ಧೂಳು ನಿಂದಿರಬಹುದು, ಮುದ್ರೆ ನಂದು. ನನ್ನನ್ನ ಕೇಳಿದ್ಯಾ?" ಎಂದು ಗದರಿ ಮೊಕದ್ದಮೆ ಹೂಡುವವನು. ಮಾರುಕಟ್ಟೆಯಲ್ಲಿ ನನಗೆ 'ಸೀಸದಪ್ಪ' ಎಂಬ ಬಿರುದಿದೆ. (ಬೆನ್ನ ಹಿಂದೆ ಕೊಟ್ಟ ಬಿರುದು. ಎದುರಿಗೆ ಎಲ್ಲರೂ 'ಸಾರ್' ಎನ್ನುತ್ತಾರೆ.)

ಅಂಥ ಸೀಸದಪ್ಪನ ಸ್ವಂತ ಲ್ಯಾಪ್‌ಟಾಪನ್ನು, ಅವನ ಸ್ವಂತ ಮೇಜಿನ ಮೇಲೆ, ಅವನನ್ನು ಒಂದು ಮಾತೂ ಕೇಳದೆ ಬಿಚ್ಚಿದರು.

ಅವತ್ತು ಬೆಳಗ್ಗೆ ನಮ್ಮ ಮೇಲಧಿಕಾರಿಗಳು ಮನೆಗೆ ಫೋನ್ ಮಾಡಿ, ಪೆಟ್ರೋಲ್ ಬಂಕುಗಳ ತಪಾಸಣೆಯ ವರದಿ ಈಗಲೇ ಬೇಕು ಎಂದರು. ವರದಿ ಸಿದ್ಧವಾಗಿಯೇ ಇತ್ತು. ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ತೆರೆದೆ. ನೀಲಿ ಪರದೆಯ ನಟ್ಟನಡುವೆ ಒಂದಿಷ್ಟು ಚುಕ್ಕೆಗಳು ಗಿರಗಿರನೆ ಸುತ್ತುತ್ತಿದ್ದವು. ಕೆಳಗೆ, 'ಅಪ್‌ಡೇಟ್ ನಡೆಯುತ್ತಿದೆ, ದಯವಿಟ್ಟು ಆರಿಸಬೇಡಿ' ಎಂಬ ಒಕ್ಕಣೆ. ನಾನು ಕಾದೆ. ಹಲ್ಲುಜ್ಜಿ ಬಂದೆ, ಸುತ್ತುತ್ತಿತ್ತು. ಸ್ನಾನ ಮಾಡಿ ಬಂದೆ, ಸುತ್ತುತ್ತಿತ್ತು. ಮೇಲಧಿಕಾರಿಗಳು ಮತ್ತೆ ಫೋನ್ ಮಾಡಿದರು.

"ಏನ್ರೀ, ಕಳಿಸಿದ್ರಾ?"

"ಸಾರ್, ಕಂಪ್ಯೂಟರು ಅಪ್‌ಡೇಟ್ ಆಗ್ತಿದೆ."

"ನೀವ್ಯಾವಾಗ ಆಗ್ತೀರಿ?" ಎಂದು ಕೇಳಿ ಫೋನ್ ಇಟ್ಟರು.

ಕೊನೆಗೂ ಅದು ಕಣ್ಣು ಬಿಟ್ಟಾಗ ನನ್ನ ಪರಿಚಯವೇ ಇಲ್ಲದವರ ಹಾಗೆ "ಸ್ವಾಗತ" ಎಂದಿತು. ನನ್ನ ಮನೆಯಲ್ಲಿ ನನಗೇ ಸ್ವಾಗತ! ಎಡಗಡೆ ಇದ್ದ ಚಿತ್ರಗಳೆಲ್ಲ ನಡುವೆ ಬಂದು ಸಾಲಾಗಿ ನಿಂತಿದ್ದವು. ವರದಿ ಇದ್ದ ಕಡತ ಎಲ್ಲೋ ಗುಳೆ ಹೋಗಿತ್ತು. ಮೂಲೆಯಲ್ಲಿ ಹೊಸದೊಂದು ಮೋಡದ ಚಿತ್ರ ಕಾಣಿಸಿಕೊಂಡು 'ಈಗ ಮೋಡ ಕವಿದಿದೆ' ಎಂದು ತಿಳಿಸುತ್ತಿತ್ತು. ಮೇಜಿನ ಪಕ್ಕದಲ್ಲೇ ಕಿಟಕಿಯಿದೆ, ನನಗೆ ಎರಡು ಕಣ್ಣಿವೆ. ಇದನ್ನು ಯಾರು ಕೇಳಿದ್ದರು?

"ಯಾರು ಕೇಳಿದ್ರು ಇದನ್ನ!" ಎಂದು ನಾನು ಕೂಗಿದ ಕೂಗಿಗೆ ಕಾಲೇಜಿಗೆ ಹೊರಟಿದ್ದ ಮಗಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದಳು. ಅವಳು ಓದುತ್ತಿರುವುದೂ ಕಂಪ್ಯೂಟರೇ. ಹಾಗಾಗಿ ಈ ಮನೆಯಲ್ಲಿ ಕಂಪನಿಯ ಪರ ವಕಾಲತ್ತು ಅವಳದ್ದು.

"ಅಪ್ಪಾ, ಅದು ತಾನಾಗೇ ಹಾಕ್ಕೊಳ್ಳುತ್ತೆ. ಮೊದಲಿಂದಲೇ ಹಾಗಿಟ್ಟಿರ್ತಾರೆ."

"ಮೊದಲಿಂದಲೇ ಹಾಗಿಡೋಕೆ ಅವರ್ಯಾರು? ನಾನು ಹೇಳಿದ್ನಾ? ನನ್ನನ್ನ ಕೇಳಬೇಕೋ ಬೇಡವೋ?"

"ಕೇಳಿತ್ತಲ್ಲ ಅಪ್ಪಾ! ತಿಂಗಳುಗಟ್ಟಲೆ ಕೇಳಿದೆ. ನೀನು ಪ್ರತಿ ಸಲ 'ಆಮೇಲೆ ನೆನಪಿಸು' ಅಂತ ಒತ್ತಿದೀಯ. ಅದಕ್ಕೂ ಒಂದು ತಾಳ್ಮೆ ಅಂತ ಇರಲ್ವಾ?"

"'ಆಮೇಲೆ' ಅಂದ್ರೆ 'ಬೇಡ' ಅಂತ ಅರ್ಥ. ಮರ್ಯಾದಸ್ಥರಿಗೆ ಅಷ್ಟು ತಿಳಿಯಬೇಕು. ನೆಂಟರು 'ಒಂದು ತಿಂಗಳು ನಿಮ್ಮನೇಲಿ ಬಂದಿರ್ತೀವಿ' ಅಂದಾಗ ನಾವು 'ನೋಡೋಣ' ಅಂತೀವಿ. ಹಾಗಂತ ಅವರು ಪೆಟ್ಟಿಗೆ ಹೊತ್ಕೊಂಡು ಕಿಟಕಿ ಹಾರಿ ಬರ್ತಾರಾ?"

"ಕಳ್ಳ ನುಗ್ಗೋ ಕಡೆ ಒಂದು ಕಂಡಿ ಇದೆ ಅಂತ ಅವರಿಗೆ ಗೊತ್ತಾಗಿರುತ್ತೆ ಅಪ್ಪಾ. ಅದನ್ನ ಮುಚ್ಚೋಕೆ ಬರೋದು. ಮುಚ್ಚಲಾ ಅಂತ ಕೇಳಿದ್ರೆ ಜನ ಎಲ್ಲ ನಿನ್ನ ಥರಾನೇ ಆಮೇಲೆ ಆಮೇಲೆ ಅಂತಾರೆ. ಅಷ್ಟರಲ್ಲಿ ಕಳ್ಳ ಬಂದು ಕಾಫಿ ಕುಡ್ಕೊಂಡು ಹೋಗಿರ್ತಾನೆ."

"ಕಂಡಿ ನಂದು. ಕಳ್ಳನೂ ನನ್ನವನೇ. ನನ್ನನ್ನ ಕೇಳಿ ಮುಚ್ಚಲಿ!"

ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ. ಚಿತ್ರ ಎಡಗಡೆ ಇರಲಿ, ನಡುವೆ ಇರಲಿ, ಅದಲ್ಲ ನನ್ನ ಸಂಕಟ. ಈ ವಯಸ್ಸಿಗೆ, ಈ ಹುದ್ದೆಯಲ್ಲಿ, ನನ್ನದೇ ವಸ್ತುವಿನ ವಿಷಯದಲ್ಲಿ ನನ್ನನ್ನು ಒಂದು ಮಾತು ಕೇಳಬೇಕಿತ್ತು. ಅಷ್ಟೇ. ನನಗೆ ಬೇಕಾಗಿದ್ದು ಅದೊಂದೇ.

ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಟಾಣಿ ಸುಲಿಯುತ್ತಿದ್ದ ನನ್ನ ಹೆಂಡತಿ ಆಗ ಬಾಯಿಬಿಟ್ಟಳು.

"ಕೇಳಿದ್ರೆ ನೀವು ಯಾವತ್ತು ಹೂಂ ಅಂದಿದೀರಿ? ಅದಕ್ಕೇ ನಾನೂ ಕೇಳೋದು ಬಿಟ್ಟು ಎಷ್ಟೋ ಕಾಲ ಆಯ್ತು."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದರೆ ನಮ್ಮ ಮನೆ ಇವತ್ತಿಗೂ ನೆಮ್ಮದಿಯಾಗಿರುತ್ತಿತ್ತು. ಆದರೆ ನಿರೀಕ್ಷಕನ ಮೂಗು ಸುಮ್ಮನಿರುತ್ತದೆಯೇ?

"ಏನನ್ನ ಕೇಳೋದು ಬಿಟ್ಟೆ?"

ಮಗಳು "ನನಗೆ ಬಸ್ಸು ತಪ್ಪುತ್ತೆ" ಎಂದು ಇನ್ನೊಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಪರಾರಿಯಾದಳು. ಆಗಲೇ ನನಗೆ ಗೊತ್ತಾಯಿತು, ಇದು ಇಬ್ಬರೂ ಸೇರಿ ಮಾಡಿರುವ ಕಿತಾಪತಿ ಎಂದು.

"ಹೇಳು."

"ಏನಿಲ್ಲ ಬಿಡಿ. ಕಾಫಿಗೆ ಸಕ್ಕರೆ."

"ಸಕ್ಕರೆಗೇನಾಗಿದೆ?"

"ಡಾಕ್ಟರು ಸಕ್ಕರೆ ಬಿಡಿ ಅಂದಾಗ ನೀವು 'ಆಮೇಲೆ ನೋಡೋಣ' ಅಂದ್ರಿ. ನಾನು ಒಂದೊಂದೇ ಚಿಟಿಕೆ ಕಮ್ಮಿ ಮಾಡ್ತಾ ಬಂದೆ. ಈಗ ನೀವು ಕುಡೀತಿರೋದರಲ್ಲಿ ಸಕ್ಕರೇನೇ ಇಲ್ಲ."

"ಮತ್ತೆ ನಾನು ದಿನಾ 'ಇವತ್ತು ಸಿಹಿ ಹದವಾಗಿದೆ' ಅಂತ ಹೊಗಳ್ತಿದ್ದೆನಲ್ಲ?"

"ಕೇಳೋಕೆ ಚೆನ್ನಾಗಿರ್ತಿತ್ತು. ಅದಕ್ಕೇ ಸುಮ್ನಿದ್ದೆ."

ನನ್ನ ನಾಲಿಗೆಯ ಮೇಲೆ ನನಗಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು. ಗೋಡೆಗಡಿಯಾರದ ಮುಳ್ಳನ್ನು ಅವಳು ಮುಂದಕ್ಕೆ ತಿರುಗಿಸಿಟ್ಟಿದ್ದಳು. ಕಚೇರಿಯಲ್ಲಿ ನನಗೆ ಶಿಸ್ತಿನ ಸಿಪಾಯಿ ಎಂಬ ಹೆಸರು ಬಂದಿರುವುದು ಆ ಗಡಿಯಾರದ ದೆಸೆಯಿಂದಂತೆ. ನಾನು ಇಷ್ಟಪಟ್ಟು ಹಾಕುತ್ತಿದ್ದ ಕಂದು ಬಣ್ಣದ ಕೋಟನ್ನು ಯಾರಿಗೋ ಕೊಟ್ಟು ಅದೇ ಬಣ್ಣದ ಬೇರೆ ಕೋಟು ತಂದು ಅದೇ ಮೊಳೆಗೆ ನೇತುಹಾಕಿದ್ದಳು. ನಾನು ಅದನ್ನು ಹಳೆಯ ಗೆಳೆಯನೆಂದೇ ತಿಳಿದು ಹಾಕಿಕೊಳ್ಳುತ್ತಿದ್ದೆ. ಒಂದೊಂದು ಗುಟ್ಟು ಹೊರಬಂದ ಹಾಗೂ ನಾನು ನಿಂತಲ್ಲೇ ಸಣ್ಣಗಾಗುತ್ತಿದ್ದೆ. ಸಣ್ಣಗಾಗುತ್ತಿದ್ದೇನೆ ಎಂದುಕೊಂಡಿದ್ದೂ ತಪ್ಪೆಂದು ಮುಂದಿನ ಮಾತಿನಲ್ಲಿ ತಿಳಿಯಿತು.

"ಪ್ಯಾಂಟು ಬಿಗಿ ಅಂತ ನೀವು ಯಾವತ್ತಾದ್ರೂ ಅಂದಿದೀರಾ?"

"ಇಲ್ಲ. ನನ್ನ ಮೈಕಟ್ಟೇ ಹಾಗೆ. ಮದುವೇಲಿ ಇದ್ದ ಅಳತೇನೇ ಇವತ್ತಿಗೂ."

"ಮೈಕಟ್ಟಲ್ಲ, ನನ್ನ ಹೊಲಿಗೆ ಮಿಷಿನ್ನು. ಸೊಂಟದ ಹತ್ರ ಬಿಚ್ಚಿ ಬಿಚ್ಚಿ ಹೊಲೀತಾ ಬಂದಿದೀನಿ. ಇನ್ನು ಬಿಡೋಕೆ ಒಳಗಡೆ ಬಟ್ಟೆ ಉಳಿದಿಲ್ಲ."

"ಸುಳ್ಳು!" ಎಂದು ಗುಡುಗಿದೆ. "ಭಾನುವಾರ ಭಾನುವಾರ ತೂಕ ನೋಡ್ಕೊಳ್ತೀನಿ. ಒಂದು ಗುಲಗಂಜಿ ಆಚೆ ಈಚೆ ಆಗಿಲ್ಲ!"

ಅವಳು ಬಟಾಣಿಯ ಪಾತ್ರೆಯ ಒಳಗೆ ನೋಡಿದಳು. ಅಲ್ಲಿ ನೋಡುವಂಥದೇನೂ ಇರಲಿಲ್ಲ.

"ಅದರ ಹಿಂಬದೀಲಿ ಒಂದು ಸಣ್ಣ ಚಕ್ರ ಇದೆಯಲ್ಲ," ಎಂದಳು ಮೆಲ್ಲಗೆ, "ಅದನ್ನ ಆಗಾಗ ಸ್ವಲ್ಪ ತಿರುಗಿಸ್ತಿದ್ದೆ."

ಓದುಗರೇ, ನಾನು ಬಚ್ಚಲುಮನೆಗೆ ಓಡಿದೆ. ಗೋಡೆಗೆ ಆನಿಸಿದ್ದ ತೂಕದ ಯಂತ್ರವನ್ನು ನೆಲಕ್ಕೆ ಇಟ್ಟು, ಗೋಡೆ ಹಿಡಿದು ಕಷ್ಟಪಟ್ಟು ಬಗ್ಗಿ ನೋಡಿದೆ. ಮೇಲೆ ಯಾರೂ ನಿಲ್ಲದೆಯೇ ಮುಳ್ಳು ಸೊನ್ನೆಗಿಂತ ಎಷ್ಟೋ ಹಿಂದೆ ಹಾಯಾಗಿ ಮಲಗಿತ್ತು. ಯಾವುದೇ ಅಂಗಡಿಗೆ ಕಾಲಿಟ್ಟರೂ ನಾನು ಮೊದಲು ನೋಡುವುದು ಅದನ್ನೇ: ಬರಿದಾದ ತಕ್ಕಡಿಯ ಮುಳ್ಳು ಸೊನ್ನೆಯ ಮೇಲಿದೆಯೇ ಎಂದು. ಮನೆಯಲ್ಲಿ ನೋಡಿರಲಿಲ್ಲ. (ನೋಡಲು ಬಗ್ಗಬೇಕು. ಬಗ್ಗಲು ಹೊಟ್ಟೆ ಬಿಡಬೇಕು.) ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ನನ್ನ ಹೆಂಡತಿ ಪ್ರಾತ್ಯಕ್ಷಿಕೆ ಸಮೇತ ತೋರಿಸಿಕೊಟ್ಟಿದ್ದಳು. ಸೀಸದಪ್ಪನ ಮನೆಯಲ್ಲೇ ಕಳ್ಳ ತಕ್ಕಡಿ!

"ನೀನು ನನ್ನ ಹೆಂಡತಿ ಅನ್ನೋ ಒಂದೇ ಕಾರಣಕ್ಕೆ ನಿನ್ನ ಮೇಲೆ ಕೇಸು ಹಾಕ್ತಿಲ್ಲ" ಎಂದೆ.

"ನೀವು ದಪ್ಪ ಆಗ್ತಿದೀರಿ ಅಂತ ಎದುರಿಗೆ ಹೇಳಿದ್ರೆ ಬೇಜಾರಲ್ಲಿ ಇನ್ನೂ ಎರಡು ತುತ್ತು ಜಾಸ್ತಿ ತಿಂತೀರಿ. ನಿಮ್ಮ ಒಳ್ಳೇದಕ್ಕೇ ಅಲ್ವಾ ಮಾಡಿದ್ದು?"

ಒಳ್ಳೆಯದಕ್ಕೇ ಎಂದು ನನಗೂ ಗೊತ್ತಿತ್ತು. ಅದೇ ಹೆಚ್ಚು ಉರಿಯಿತು. ಕೆಟ್ಟದ್ದು ಮಾಡಿದ್ದರೆ ಜಗಳವಾಡಿ ಗೆಲ್ಲಬಹುದು. ಒಳ್ಳೆಯದು ಮಾಡಿದವರ ಜೊತೆ ಗೆದ್ದವರುಂಟೇ?

ಬಚ್ಚಲುಮನೆಯ ಹೊಸ್ತಿಲ ಮೇಲೆ ನಿಂತು ನಾನು ರಾಜಾಜ್ಞೆ ಹೊರಡಿಸಿದೆ. "ಇವತ್ತಿಂದ ಈ ಮನೇಲಿ ಯಾವುದೂ ತಾನಾಗೇ ಆಗಕೂಡದು! ಕಂಪ್ಯೂಟರ್ ಇರಲಿ, ಕಾಫಿ ಇರಲಿ, ಕೋಟಿರಲಿ. ಏನೇ ಬದಲಾಗಬೇಕಾದ್ರೂ ಮೊದಲು ನನ್ನನ್ನ ಕೇಳಬೇಕು. ನಾನು ಹೂಂ ಅಂದಮೇಲೆ ಮಾಡಬೇಕು. ತಿಳೀತಾ?" ಕಿಟಕಿಗಳೆಲ್ಲ ತೆರೆದಿದ್ದವು. ಅಕ್ಕಪಕ್ಕದ ಮನೆಗಳಿಗೂ ತಿಳಿದಿರಬೇಕು.

"ಆಗಲಿ. ಕೇಳ್ತೀನಿ" ಎಂದಳು ನನ್ನ ಹೆಂಡತಿ.

ಅವಳು ವಾದ ಮಾಡದೆ ಒಪ್ಪಿದಳೆಂದರೆ ಮುಂದೆ ಗಂಡಾಂತರ ಕಾದಿದೆ ಎಂದು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ತಿಳಿಯಬೇಕಿತ್ತು. ವಿಜಯದ ಮದದಲ್ಲಿ ತಿಳಿಯಲಿಲ್ಲ. ಸಂಜೆ ಮಗಳನ್ನು ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲೂ ಎಲ್ಲವನ್ನೂ ಕೇಳಿಯೇ ಮಾಡುವ ಹಾಗೆ ಬದಲಾಯಿಸಿದೆ. ಅವಳು ಅಮ್ಮನ ಮುಖ ನೋಡಿ ನಕ್ಕಿದ್ದು ನನಗೆ ಕಾಣಿಸಿತು, ಆದರೆ ಅರ್ಥವಾಗಲಿಲ್ಲ.

ಮೊದಮೊದಲು ಬಹಳ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. "ರೀ, ಪರದೆ ಒಗೆಯೋಕೆ ಹಾಕಲಾ?" ಎಂದು ಹೆಂಡತಿ ಬಂದು ನಿಂತರೆ ನಾನು ಪತ್ರಿಕೆ ಮಡಿಸಿಟ್ಟು, ಪರದೆಯನ್ನು ಬೆಳಕಿಗೆ ಹಿಡಿದು ನೋಡಿ, ಕೂಲಂಕಷವಾಗಿ ಪರಿಶೀಲಿಸಿ, "ಹೂಂ, ಹಾಕಬಹುದು" ಎಂದು ಅಪ್ಪಣೆ ಕೊಡುತ್ತಿದ್ದೆ. ಮಗಳು "ಅಪ್ಪಾ, ನಿನ್ನ ಪ್ರಿಂಟರಿಗೆ ಏನೋ ಹೊಸದು ಬಂದಿದೆಯಂತೆ, ಹಾಕಲಾ?" ಎಂದರೆ ಏನು, ಯಾಕೆ, ಎಷ್ಟು ಎಂದು ಪ್ರಶ್ನೆ ಕೇಳಿ, ಅವಳು ಹೇಳಿದ ಉತ್ತರ ಒಂದೂ ಅರ್ಥವಾಗದೆ, ಅರ್ಥವಾದವರ ಹಾಗೆ ತಲೆಯಾಡಿಸಿ ಒಪ್ಪಿಗೆ ನೀಡುತ್ತಿದ್ದೆ. ಮನೆಯಲ್ಲಿ ನನಗೊಂದು ಸ್ಥಾನಮಾನ ಬಂದಿದೆ ಎನ್ನಿಸಿ ಎದೆಯುಬ್ಬಿತು. (ಹೊಟ್ಟೆಯಷ್ಟು ಅಲ್ಲ.)

ಆಮೇಲೆ ಶುರುವಾಯಿತು ನೋಡಿ.

ಗಡ್ಡಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದೇನೆ. ಬಾಗಿಲಲ್ಲಿ ಹೆಂಡತಿ. "ಹಾಲು ಉಕ್ಕೋಕೆ ಬಂದಿದೆ. ಒಲೆ ಆರಿಸಲಾ?"

"ಅದನ್ನೂ ಕೇಳ್ತಾರೇನೇ? ಆರಿಸು!"

"ಈಗಲೇ ಆರಿಸಲಾ, ಆಮೇಲೆ ಆರಿಸಲಾ?"

"ಈಗಲೇ!"

"ಈಗ ಉಕ್ಕಿಬಿಟ್ಟಿದೆ. ಒರೆಸಲಾ?"

ನಾನು ಮಾರುಕಟ್ಟೆಯಲ್ಲಿ ಈರುಳ್ಳಿ ಮಂಡಿಯವನ ತಕ್ಕಡಿಯನ್ನು ಮಗುಚಿ ನೋಡುತ್ತಿದ್ದಾಗ ಫೋನು. "ನಿಮ್ಮ ಕರೀ ಕಾಲುಚೀಲದ ಹೆಬ್ಬೆರಳಿನ ಹತ್ರ ತೂತಾಗಿದೆ. ಹೊಲೀಲಾ, ಎಸೀಲಾ, ಹಾಗೇ ಇಡಲಾ?" ನಾನು ದನಿ ತಗ್ಗಿಸಿ "ಹೊಲಿ" ಎಂದೆ. "ಕರೀ ದಾರ ಇಲ್ಲ. ನೀಲಿ ನಡೆಯುತ್ತಾ?" ಮಂಡಿಯವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಿವಿ ನಿಮಿರಿಸಿ ಕೇಳುತ್ತಿದ್ದ. ಮೊಕದ್ದಮೆ ಹೂಡಲು ಹೋದವನು ನೀಲಿ ದಾರಕ್ಕೆ ಮಂಜೂರಾತಿ ಕೊಟ್ಟು ಬಂದೆ.

ಮಗಳದ್ದು ಇನ್ನೊಂದು ವರಸೆ. ಅವಳು ಬರಿದೇ ಕೇಳುವುದಿಲ್ಲ, ನಿಬಂಧನೆಗಳ ಸಮೇತ ಕೇಳುತ್ತಾಳೆ. "ಅಪ್ಪಾ, ಕಿಟಕಿ ತೆಗೀಬಹುದಾ? ತೆಗೆದ್ರೆ ಗಾಳಿ ಬರುತ್ತೆ. ಗಾಳಿ ಜೊತೆ ಧೂಳೂ ಬರಬಹುದು. ಧೂಳಿನಿಂದ ನಿಂಗೆ ಸೀನು ಬಂದ್ರೆ ಅದಕ್ಕೆ ನಾನು ಜವಾಬ್ದಾರಳಲ್ಲ. ಮುಂದೆ ಯಾವಾಗ ಬೇಕಾದ್ರೂ ಹೇಳದೇ ಕೇಳದೇ ಕಿಟಕಿ ಮುಚ್ಚೋ ಹಕ್ಕು ನಂದು. ಪೂರ್ತಿ ಕೇಳಿಸ್ಕೊಂಡೆ, ಒಪ್ಪಿದೀನಿ ಅಂತ ಹೇಳು."

"ತೆಗಿ ಸಾಕು!"

"ಹಾಗಲ್ಲ. 'ಒಪ್ಪಿದೀನಿ' ಅಂತ ಹೇಳು."

ಲ್ಯಾಪ್‌ಟಾಪ್ ತೆರೆದರೆ ಅದೂ ಈ ಇಬ್ಬರು ಹೆಂಗಸರ ಜೊತೆ ಸಂಧಾನ ಮಾಡಿಕೊಂಡ ಹಾಗಿತ್ತು. ಕೀಲಿಮಣೆಗೆ ಒಂದು ಅಪ್‌ಡೇಟು, ಹಾಕಲೇ? ಧ್ವನಿಗೆ ಒಂದು, ಹಾಕಲೇ? ಅಪ್‌ಡೇಟು ಹಾಕುವ ತಂತ್ರಾಂಶಕ್ಕೇ ಒಂದು ಅಪ್‌ಡೇಟು, ಹಾಕಲೇ? ಹಾಕಿದ್ದಾಯಿತು, ಈಗ ಆರಿಸಿ ಹಚ್ಚಲೇ? ಒಂದು ಸಾಲು ಬರೆಯಬೇಕಾದರೆ ಮೂರು ಸಲ ಅಪ್ಪಣೆ ಕೊಡಬೇಕು. ನಾನು ಕೇಳಿದ್ದು ಗೌರವ, ಸಿಕ್ಕಿದ್ದು ಗುಮಾಸ್ತಗಿರಿ.

ಮನುಷ್ಯನ ಸಹನೆಗೂ ಒಂದು ಮಿತಿಯಿದೆ. ಮೊದಲು ನಾನು ಪರದೆಯನ್ನು ಬೆಳಕಿಗೆ ಹಿಡಿಯುವುದು ಬಿಟ್ಟೆ. ಆಮೇಲೆ ಪತ್ರಿಕೆ ಮಡಿಸುವುದು ಬಿಟ್ಟೆ. ಆಮೇಲೆ ತಲೆಯೆತ್ತುವುದು ಬಿಟ್ಟೆ. ಕೊನೆಗೆ ಉಳಿದದ್ದು ಒಂದೇ ಒಂದು "ಹೂಂ". ಅದೂ ಎಂಥ ಹೂಂ! ಯಾರಾದರೂ ಹತ್ತಿರ ಬಂದು ಉಸಿರೆಳೆದುಕೊಂಡರೆ ಸಾಕು, ಪ್ರಶ್ನೆ ಹುಟ್ಟುವ ಮೊದಲೇ ಗಂಟಲಿನಿಂದ ತಾನಾಗಿಯೇ ಹೊರಡುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಏನು ಕಂಡರೂ 'ಒಪ್ಪಿಗೆ' ಎಂಬುದನ್ನು ನೋಡದೆ ಒತ್ತುತ್ತಿದ್ದೆ. ಒಂದು ದಿನ ಮಿಕ್ಸಿ ಗುರ್ರೆಂದಾಗ ಅದಕ್ಕೂ "ಹೂಂ" ಎಂದದ್ದು ನನಗೇ ಕೇಳಿಸಿ ನಾಚಿಕೆಯಾಯಿತು. ಅಂಗಡಿಗಳಲ್ಲಿ ಮಾತ್ರ ನಾನು ಮೊದಲಿನಂತೆಯೇ ಇದ್ದೆ, ಒಂದೊಂದು ತೂಕದ ಬಟ್ಟನ್ನೂ ತೂಗಿ ನೋಡಿಯೇ ಮುದ್ರೆ ಹಾಕುತ್ತಿದ್ದೆ. ಮನೆಗೆ ಬಂದರೆ ಕಣ್ಣುಮುಚ್ಚಿ ಮುದ್ರೆ.

ಹೀಗಿರುವಾಗ ಭಾನುವಾರ ಬೆಳಗ್ಗೆ ಬಾಗಿಲ ಗಂಟೆ ಬಾರಿಸಿತು.

ತೆರೆದರೆ ನಮ್ಮ ಕಟ್ಟಡದ ಅರ್ಧ ಜನ ಮೆಟ್ಟಿಲಿನ ಮೇಲೆ ನಿಂತಿದ್ದರು. ಮುಂದೆ ನಿಂತವರು ಮೂರನೇ ಮಹಡಿಯ ಡ್ರಿಲ್ ಮಾಸ್ತರು. ನಿವೃತ್ತರಾದ ಮೇಲೂ ಅವರ ಕೊರಳಿನಿಂದ ಸೀಟಿ ಇಳಿದಿಲ್ಲ. ಅವರ ಪಕ್ಕದಲ್ಲಿ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ, ಸೆರೆಮನೆಯಿಂದ ಬಿಡುಗಡೆಯಾದವರ ಕಳೆ ಹೊತ್ತು ನಿಂತಿದ್ದರು. ಅವರ ಕೈಯಲ್ಲಿ ನೀರಿನ ತೊಟ್ಟಿ, ಮೀಟರ್ ಕೋಣೆ, ತಾರಸಿ, ಲಿಫ್ಟು, ಎಲ್ಲದರ ಬೀಗದಕೈಗಳ ದೊಡ್ಡ ಗೊಂಚಲು. ಅದನ್ನು ಅವರು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ಅಭಿನಂದನೆಗಳು!" ಎಂದರು ಡ್ರಿಲ್ ಮಾಸ್ತರು.

"ಯಾತಕ್ಕೆ?"

"ಯಾತಕ್ಕೆ ಅಂದ್ರೆ? ಇವತ್ತಿಂದ ನೀವೇ ನಮ್ಮ ಸಂಘದ ಕಾರ್ಯದರ್ಶಿ!"

ಈ ಹುದ್ದೆಯ ಬಗ್ಗೆ ನಿಮಗೆ ಹೇಳಬೇಕು. ನಮ್ಮ ಕಟ್ಟಡದಲ್ಲಿ ಕಾರ್ಯದರ್ಶಿಯ ಆಯ್ಕೆಗೆ ಸಭೆ ಕರೆದರೆ ಎಲ್ಲರಿಗೂ ಒಟ್ಟಿಗೆ ಜ್ವರ ಬರುತ್ತದೆ. ನಾನೇ ಒಮ್ಮೆ ಸಭೆಯ ಹೊತ್ತಿಗೆ ನನ್ನ ಮನೆಯ ದೀಪವಾರಿಸಿ ಮಂಚದ ಮರೆಯಲ್ಲಿ ಕೂತಿದ್ದೆ. ಅಂಥದ್ದರಲ್ಲಿ, ಬೀದಿಯಲ್ಲಿ ಹೋಗುವ ಮಾರಿಯನ್ನು ನಾನೇ ಮನೆಗೆ ಕರೆದೆನೇ?

"ನಾನ್ಯಾವಾಗ ಒಪ್ಪಿದೆ?"

"ಒಪ್ಪಿದಾರೆ ಅಂತ ಮೇಡಂ ಹೇಳಿದ್ರಲ್ಲ!"

ನಾನು ತಿರುಗಿ ನೋಡಿದೆ. ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಮಂಗಳವಾರ ಕೇಳಿದ್ನಲ್ಲ ನಿಮ್ಮನ್ನ" ಎಂದಳು. "ಮುಖಕ್ಕೆ ನೊರೆ ಹಚ್ಕೊಂಡಿದ್ರಿ. ಕಟ್ಟಡದವರೆಲ್ಲ ನಿಮ್ಮ ಹೆಸರೇ ಹೇಳ್ತಿದಾರೆ, ಆಗಲಿ ಅಂತ ಹೇಳಿಬಿಡಲಾ ಅಂದೆ. ಹೂಂ ಅಂದ್ರಿ."

ಅಂದಿರಲಿಲ್ಲ ಎನ್ನೋಣವೆಂದರೆ ಆ ವಾರ ನಾನು ಯಾವುದಕ್ಕೆ ಹೂಂ ಅಂದಿರಲಿಲ್ಲ? ಮಿಕ್ಸಿಗೇ ಅಂದವನು!

"ಯಾಕೆ ನಿಮ್ಮನ್ನೇ ಆರಿಸಿದ್ವಿ ಗೊತ್ತಾ?" ಡ್ರಿಲ್ ಮಾಸ್ತರು ಮೆಟ್ಟಿಲಿಗೆಲ್ಲ ಕೇಳುವ ಹಾಗೆ ಭಾಷಣಕ್ಕೆ ನಿಂತರು. "ಈ ಹಿಂದಿನೋರು ಯಾರನ್ನೂ ಕೇಳದೆ ಲಿಫ್ಟಿಗೆ ಹಸಿರು ಬಣ್ಣ ಬಳಿಸಿದ್ರು. ಕೇಳದೆ ನೀರಿನ ಹೊತ್ತು ಬದಲಾಯಿಸಿದ್ರು. ಇನ್ಮೇಲೆ ಅದು ನಡೆಯಲ್ಲ. 'ನನ್ನನ್ನ ಕೇಳದೆ ಏನೂ ಆಗಕೂಡದು' ಅಂತ ನೀವು ಅವತ್ತು ಗುಡುಗಿದ್ದು ನಮ್ಮ ಮಹಡಿವರೆಗೂ ಕೇಳಿಸ್ತು. ಆಹಾ, ಗಂಡಸು ಅಂದ್ರೆ ಹೀಗಿರಬೇಕು ಅಂದೆ. ಇನ್ಮೇಲೆ ಈ ಕಟ್ಟಡದಲ್ಲಿ ಒಂದು ಮೊಳೆ ಹೊಡೆಯೋದಿದ್ರೂ ನಿಮ್ಮನ್ನ ಕೇಳೇ ಹೊಡೀತೀವಿ!"

ಆ ಮಾತನ್ನು ಎಲ್ಲರೂ ಅಲ್ಲಿಯೇ ನಡೆಸಿಕೊಟ್ಟರು. ನಾಲ್ಕನೇ ಮಹಡಿಯ ಅಜ್ಜಿ ತಾರಸಿಯ ಹಗ್ಗದ ಮೇಲೆ ಕಂಬಳಿ ಹರವಬಹುದೇ ಎಂದು ಕೇಳಿದರು. ಅವರ ಕೆಳಗಿನ ಮನೆಯ ದಂತವೈದ್ಯೆ, ಆ ಕಂಬಳಿ ತನ್ನ ಕಿಟಕಿಯ ಮುಂದೆ ತೊಟ್ಟಿಕ್ಕಬಹುದೇ ಎಂದು ಕೇಳಿದರು. ನೆಲಮಹಡಿಯ ಸೈಕಲ್ ಅಂಗಡಿಯವನು, ಪಂಪು ಸದ್ದು ಮಾಡುತ್ತಿದೆ, ಈಗ ಆರಿಸಲೇ, ಆಮೇಲೆ ಆರಿಸಲೇ ಎಂದ. ಯಾರೋ ಬೆಕ್ಕಿನ ವಿಷಯ ತೆಗೆದರು. ನಾನು ಗೊಂಚಲು ಹಿಡಿದುಕೊಂಡು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಹಳೆಯ ಕಾರ್ಯದರ್ಶಿ ಯಾವಾಗಲೋ ಮಾಯವಾಗಿದ್ದರು. ಕೆಳಗಿನಿಂದ ಅವರು ಸಿಳ್ಳೆ ಹಾಕಿಕೊಂಡು ಹೋಗುತ್ತಿರುವುದು ಕೇಳಿಸುತ್ತಿತ್ತು.

ಅವರನ್ನೆಲ್ಲ ಹೇಗೋ ಸಾಗಹಾಕಿ, ಬಾಗಿಲಿಗೆ ಚಿಲಕ ಹಾಕಿ, ಸೀದಾ ಅಡುಗೆಮನೆಗೆ ಹೋದೆ. ಹೆಂಡತಿ ಕಾಫಿ ಸೋಸುತ್ತಿದ್ದಳು. ಗೊಂಚಲನ್ನು ಕಟ್ಟೆಯ ಮೇಲಿಟ್ಟು ಗಂಟಲು ಸರಿಪಡಿಸಿಕೊಂಡೆ. ನನ್ನ ಮಟ್ಟಿಗೆ ಅದು ಶರಣಾಗತಿ.

"ನೋಡು," ಎಂದೆ, "ನನಗೆ ಸಾಕಾಗಿಹೋಯ್ತು. ಕೇಳಬೇಕು ಅಂತ ನಾನು ಹಟ ಹಿಡಿದದ್ದು ತಪ್ಪಲ್ಲ. ಅದು ಮನುಷ್ಯನ ಹಕ್ಕು. ಆದ್ರೆ ಇಷ್ಟೆಲ್ಲ ಕೇಳ್ತಾರೆ ಅಂತ ಗೊತ್ತಿರಲಿಲ್ಲ. ಇನ್ಮೇಲೆ ನನ್ನನ್ನ ಏನೂ ಕೇಳಬೇಡ. ಸಕ್ಕರೆ ತೆಗಿ, ಕೋಟು ಬದಲಾಯಿಸು, ಗಡಿಯಾರ ತಿರುಗಿಸು. ಮೊದಲಿನ ಹಾಗೇ ನಿನಗೆ ತೋಚಿದ್ದು ಮಾಡ್ಕೊಂಡು ಹೋಗು. ನನ್ನ ಸಂಪೂರ್ಣ ಒಪ್ಪಿಗೆ ಇದೆ."

ಇಷ್ಟು ದೊಡ್ಡ ತ್ಯಾಗಕ್ಕೆ ಅವಳ ಕಣ್ಣಲ್ಲಿ ಒಂದು ಹನಿಯಾದರೂ ಬಂದೀತು ಎಂದು ಕಾದೆ. ಅವಳು ಸೋಸುವುದನ್ನು ನಿಲ್ಲಿಸಲೂ ಇಲ್ಲ.

"ಅಯ್ಯೋ, ನಾನೆಲ್ಲಿ ಈಗ ಕೇಳ್ತಿದೀನಿ? ನನಗೂ ಅಡುಗೆ ಕೆಲಸ ಇರಲ್ವಾ? ಕೇಳಿ ಕೇಳಿ ಬೇಜಾರಾಗಿ ಹೋದ ಸೋಮವಾರಾನೇ ನಿಲ್ಲಿಸಿಬಿಟ್ಟೆ. ಆಮೇಲೆ ಒಂದು ಮಾತೂ ಕೇಳಿಲ್ಲ. ನೀವು ನಿಮ್ಮ ಪಾಡಿಗೆ ಹೂಂ ಹೂಂ ಅಂತಾನೇ ಇದ್ರಿ. ಯಾಕೆ ಸುಮ್ನೆ ತಡೀಲಿ ಅಂತ ಬಿಟ್ಟೆ."

ನನಗೆ ತುಂಬ ಅವಮಾನವಾಯಿತು. ಲೋಟ ಕೈಗೆತ್ತಿಕೊಂಡು ಹೊರಟೆ. ಎರಡು ಹೆಜ್ಜೆ ಇಟ್ಟಿರಬೇಕು, ನಿರೀಕ್ಷಕನ ಬುದ್ಧಿ ಎಚ್ಚೆತ್ತಿತು. ಎಲ್ಲೋ ತೂಕದಲ್ಲಿ ವ್ಯತ್ಯಾಸ ಬಂದಿದೆ. ಹಿಂದಿರುಗಿದೆ.

"ತಡಿ ತಡಿ. ಸೋಮವಾರಕ್ಕೇ ಕೇಳೋದು ನಿಲ್ಲಿಸಿದೆ ಅಂದೆ. ಕಾರ್ಯದರ್ಶಿ ಆಗೋ ವಿಷಯ ಮಂಗಳವಾರ ಕೇಳಿದೆ ಅಂದೆ. ಹೇಗೆ?"

ಅವಳು ಸೋಸುವ ಬಟ್ಟೆಯನ್ನು ಹಿಂಡಿದಳು, ಕೊಡವಿದಳು, ತಂತಿಯ ಮೇಲೆ ಹರವಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಅಳುಕೆಂಬುದು ಎಳ್ಳಷ್ಟೂ ಇರಲಿಲ್ಲ.

"ಕೇಳಿದ್ರೆ ಹೂಂ ಅಂತಿದ್ರಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ. ದಿನಾ ಸಂಜೆ ಕೂತಲ್ಲೇ ಕೂತಿರ್ತೀರಿ. ಈ ಕೆಲಸ ಬಂದ್ರೆ ನಾಲ್ಕು ಮಹಡಿ ಹತ್ತಿ ಇಳೀಬೇಕಾಗುತ್ತೆ, ಹೊಟ್ಟೆ ಕರಗುತ್ತೆ ಅಂತ ನಾನೇ ಒಪ್ಪಿದೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು. ಹೊರಗೆ ಡ್ರಿಲ್ ಮಾಸ್ತರ ಸೀಟಿ, ಅದರ ಮೇಲೆ ಅಜ್ಜಿಯ ದನಿ, ಅದರ ಮೇಲೆ ದಂತವೈದ್ಯೆಯ ದನಿ.

ಹೆಂಡತಿ ನನ್ನ ಕೈಯಿಂದ ಲೋಟ ತೆಗೆದುಕೊಂಡು, ಬೀಗದಕೈ ಗೊಂಚಲನ್ನು ಕೊಟ್ಟಳು.

"ಹೋಗಿ," ಎಂದಳು, "ನಿಮ್ಮನ್ನೇ ಕೇಳ್ಕೊಂಡು ಬಂದಿದಾರೆ."